ಹೊರ್ತಿ ಕೂಡಿಬರುವುದಿಲ್ಲ ಎಂದ ದಿನ

ನಮ್ಮ ಕೆಲಸಕ್ಕೆ ನಿವೃತ್ತಿಯ ಆದೇಶ ಯಾರೂ ಕಳಿಸುವುದಿಲ್ಲ. ಕಣ್ಣಿಗೆ ಪೊರೆ ಬಂದು, ಪಂಚಾಂಗದ ಸಣ್ಣ ಅಕ್ಷರ ಕಾಣದೆ ಒಬ್ಬರಿಗೆ ಷಷ್ಠಿಯನ್ನು ಅಷ್ಟಮಿ ಎಂದು ಹೇಳಿದ ದಿನ ನಾನೇ ಆ ಪಂಚಾಂಗವನ್ನು ಗಂಟು ಕಟ್ಟಿ ಅಟ್ಟಕ್ಕೆ ಹಾಕಿದೆ. ಈಚೆಗೆ ಜ್ಯೋತಿಷ್ಯ ಕಲಿಯುತ್ತಿರುವ ನಾಲ್ಕೈದು ಮಂದಿ ತರುಣ ತರುಣಿಯರು ಮನೆಗೆ ಬಂದಿದ್ದರು. "ಅಜ್ಜಾರ, ಆಗ ನೀವು ಹೆಂಗ ಮಾಡ್ತಿದ್ರಿ, ಒಂದೀಟು ಬರದು ಕೊಡ್ರಿ" ಎಂದರು. ಅವರ ಮೊಬೈಲಿನಲ್ಲಿ ತಿಥಿ, ನಕ್ಷತ್ರ, ಲಗ್ನ ಎಲ್ಲ ಕ್ಷಣದಲ್ಲಿ ಬರುತ್ತದೆ. ನಾನು ಅರ್ಧ ದಿನ ಲೆಕ್ಕ ಹಾಕುತ್ತಿದ್ದುದನ್ನು ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳುತ್ತದೆ, ಅದೂ ತಪ್ಪಿಲ್ಲದೆ. ಆದರೆ ಎದುರಿಗೆ ಕೂತವರನ್ನು ಏನು ಕೇಳಬೇಕು ಎಂಬುದು ಅದರಲ್ಲಿ ಇಲ್ಲ. ನಾನು ತಪ್ಪಿದ್ದೂ ಅಲ್ಲೇ. ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಈ ವಿದ್ಯೆ ಕಲಿಸಿದವನು ತಾಳಿಕೋಟೆಯ ನನ್ನ ಸೋದರಮಾವ ಚನ್ನಮಲ್ಲಯ್ಯ. ಲಗ್ನದ ಮುಹೂರ್ತ, ಹೆಸರಿಡುವುದು, ಶಾಂತಿ, ಇವೆಲ್ಲ ಅವನ ಪಾಲು. ನನಗೆ ಬಿಟ್ಟುಕೊಟ್ಟದ್ದು ಊರು ಬಿಡುವವರನ್ನು. ಎಪ್ಪತ್ತರ ದಶಕದ ಮೊದಲ ವರ್ಷಗಳಿಂದಲೂ ನಾನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಈ ನಾಲ್ಕು ಊರುಗಳ ಸಂತೆ ಸುತ್ತುತ್ತಿದ್ದೆ. ಯಾವುದಾದರೂ ಬಟ್ಟೆ ಅಂಗಡಿಯ ಕಟ್ಟೆ ಹಿಡಿದು ಕೂತರೆ ಬರುವವರದು ಒಂದೇ ಪ್ರಶ್ನೆ: ಇಂಥ ಊರಿಗೆ ಹೋಗಬೇಕು ಅಂತೀನಿ, ಕೂಡಿಬರ್ತದೇನ್ರಿ? ವರ್ಗವಾದ ಗುಮಾಸ್ತರು, ತಾಳಿಕೋಟೆಯಲ್ಲಿ ಅಂಗಡಿ ಹಾಕಬೇಕೆನ್ನುವವರು, ಕುರಿ ಹೊಡೆದುಕೊಂಡು ಹೊಳೆಯ ಕಡೆ ಹೊರಟವರು, ಪುಣೆಯ ಕೆಲಸಕ್ಕೆ ಹೋಗುವವರು. ಊರು ಬಿಡುವುದು ಯಾರಿಗೂ ಸುಲಭವಲ್ಲ. ಹೆದರಿಕೆ ಇದ್ದವರೇ ನನ್ನ ಹತ್ತಿರ ಬರುತ್ತಿದ್ದರು.

ಲೆಕ್ಕ ಎರಡೇ. ಒಂದು ದಿಕ್ಕಿನದು. ಸೋಮವಾರ, ಶನಿವಾರ ಮೂಡಲಕ್ಕೆ ಹೋಗಬಾರದು, ಗುರುವಾರ ತೆಂಕಣಕ್ಕೆ ಹೋಗಬಾರದು, ಹೀಗೆ ವಾರಕ್ಕೊಂದು ದಿಕ್ಕಿಗೆ ಶೂಲ, ಅಂದರೆ ಅಡ್ಡಿ. ಇನ್ನೊಂದು ಊರಿನ ಎಣಿಕೆ. ಹೆಸರಿನ ಮೊದಲ ಅಕ್ಷರಕ್ಕೊಂದು ರಾಶಿ, ಊರಿನ ಮೊದಲ ಅಕ್ಷರಕ್ಕೊಂದು ರಾಶಿ. ಮನುಷ್ಯನ ರಾಶಿಯಿಂದ ಊರಿನ ರಾಶಿಯವರೆಗೆ ಬೆರಳಿನ ಗೆಣ್ಣಿನ ಮೇಲೆ ಎಣಿಸಬೇಕು. ಎರಡು, ಐದು, ಒಂಬತ್ತು, ಹತ್ತು, ಹನ್ನೊಂದು ಬಂದರೆ ಆ ಊರು ಅನ್ನ ಹಾಕುತ್ತದೆ. ಎಂಟು ಬಂದರೆ ರೋಗ, ಸಂಕಟ.

ಮಾವ ಮೊದಲ ದಿನವೇ ಎರಡು ಮಾತು ಹೇಳಿದ್ದ. "ತಮ್ಮಾ, ಮಲಗಿದವರನ್ನ ಯಾ ಹೆಸರಿನಿಂದ ಕೂಗಿದ್ರ ಎದ್ದು ಕೂಡ್ತಾರೋ ಆ ಹೆಸರು ಹಿಡದು ಎಣಸಬೇಕು. ಬ್ಯಾರೆ ಹೆಸರು ಹಿಡದಿ ಅಂದ್ರ ಬ್ಯಾರೆಯವರಿಗೆ ಹೇಳಿದಂಗ ಆಗತೈತಿ." ಎರಡನೆಯದು: "ಹೋಗಬ್ಯಾಡ ಅಂತ ಎಂದೂ ಅನಬ್ಯಾಡ. ಯಾವಾಗ ಹೋಗಬೇಕು, ಆ ಊರಾಗ ಯಾ ಓಣ್ಯಾಗ ಇರಬೇಕು, ಅಷ್ಟ ಹೇಳು. ಬಾಗಿಲಾ ಹಾಕಿ ಬರೂದು ನಮ್ಮ ಕೆಲಸ ಅಲ್ಲ." ಅವನು ಎಂಟು ಬಂದವರಿಗೂ "ಊರ ಮೂಡಲ ದಿಕ್ಕಿನ ಓಣ್ಯಾಗ ಮನಿ ಹಿಡೀರಿ, ನಡೀತೈತಿ" ಎಂದು ದಾರಿ ಬಿಡುತ್ತಿದ್ದ. ಆಗ ನನಗೆ ಅದು ಜಾಣತನದ ಜಾರಿಕೆ ಅನಿಸುತ್ತಿತ್ತು. ಶಾಸ್ತ್ರ ಇದ್ದದ್ದನ್ನು ಇದ್ದಂತೆ ಹೇಳಬೇಕು ಎಂಬ ಬಿಸಿ ರಕ್ತ ನನ್ನದು.

ನಗು ಬರುವಂಥ ಸಂಗತಿಗಳೂ ಇದ್ದವು. ಇಂಡಿಯ ಒಬ್ಬ ಗುಮಾಸ್ತರಿಗೆ ಮುದ್ದೇಬಿಹಾಳಕ್ಕೆ ವರ್ಗವಾಯಿತು. ಶುಕ್ರವಾರ ಬೆಳಿಗ್ಗೆ ಹಾಜರಾಗಬೇಕು, ಗುರುವಾರವೇ ಹೊರಡಬೇಕು. ಗುರುವಾರ ತೆಂಕಣಕ್ಕೆ ಶೂಲ. ಇದಕ್ಕೆ ನಮ್ಮಲ್ಲಿ ಒಂದು ಉಪಾಯವಿದೆ, ಪ್ರಸ್ಥಾನ ಇಡುವುದು ಅನ್ನುತ್ತೇವೆ. ಒಳ್ಳೆಯ ಹೊತ್ತಿನಲ್ಲಿ ಒಂದು ಗಂಟು ಕಟ್ಟಿ, ಹೋಗುವ ದಿಕ್ಕಿನಲ್ಲಿರುವ ಯಾರದಾದರೂ ಮನೆಯಲ್ಲಿ ಇಟ್ಟು ಬಂದರೆ ಆಗಲೇ ಪ್ರಯಾಣ ಹೊರಟಂತೆ. ಆಮೇಲೆ ಮನುಷ್ಯ ಯಾವಾಗ ಹೋದರೂ ದೋಷವಿಲ್ಲ. ಬುಧವಾರ ಇಡಿರಿ ಎಂದೆ. ಗುಮಾಸ್ತರು ಭಕ್ತಿ ಹೆಚ್ಚಾಗಿ ಧೋತರ, ವಿಭೂತಿಯ ಜೊತೆಗೆ ವರ್ಗದ ಆದೇಶವನ್ನೂ ಅದೇ ಗಂಟಿನಲ್ಲಿ ಕಟ್ಟಿ ಇಟ್ಟರು. ಗುರುವಾರ ಹೋಗಿ ನೋಡಿದರೆ ಆ ಮನೆಗೆ ಬೀಗ! ಮನೆಯವರೆಲ್ಲ ಬೀಗರ ಊರಿಗೆ ಹೋಗಿದ್ದರು. ಮೂರು ದಿನ ಬಿಟ್ಟು ಹಾಜರಾದ ಗುಮಾಸ್ತರಿಗೆ ಸಾಹೇಬರು ಏನಂದರೋ ನನಗೆ ಗೊತ್ತಿಲ್ಲ, ಗುಮಾಸ್ತರು ನನಗೆ ಅಂದದ್ದನ್ನು ಮಾತ್ರ ಇಲ್ಲಿ ಬರೆಯಲಾಗದು.

ಸಿಂದಗಿಯ ಸಂತೆಗೆ ಬರುತ್ತಿದ್ದ ಕುರಿಗಾರ ಬೀರಪ್ಪ ಎಂಬ ಹಿರಿಯನಿದ್ದ. ಪ್ರತಿ ಬೇಸಿಗೆಯಲ್ಲೂ ಯಾವ ದಿಕ್ಕಿಗೆ ಕುರಿ ಹೊಡೆಯಲಿ ಎಂದು ಕೇಳುತ್ತಿದ್ದ. ನಾನು ಹೇಳಿದ್ದನ್ನು ಕೈಮುಗಿದು ಕೇಳಿ, ತನಗೆ ಬೇಕಾದ ದಿಕ್ಕಿಗೆ ಹೋಗುತ್ತಿದ್ದ. ಒಮ್ಮೆ ಸಿಟ್ಟು ಬಂದು, "ಹೆಂಗೂ ನಿಂದ ನಡಸ್ತಿ. ಮತ್ತ್ಯಾಕ ಕೇಳ್ತೀಯೋ ಮಾರಾಯ?" ಎಂದೆ. "ಕುರಿ ಮೇವು ಇದ್ದ ಕಡೆ ಹೊಕ್ಕಾವ್ರಿ ಅಯ್ಯಾರ. ನೀವು ಅದ ದಿಕ್ಕು ಹೇಳಿದ್ರ ಧೈರ್ಯ ಬರತೈತಿ. ಬ್ಯಾರೆ ಹೇಳಿದ್ರ ಎಚ್ಚರಿದ್ದು ಜ್ವಾಕಿಲೆ ಹೊಕ್ಕೇನಿ" ಎಂದು ನಕ್ಕ. ನನ್ನ ಮಾತಿಗೆ ಎಷ್ಟು ತೂಕ ಕೊಡಬೇಕೆಂದು ಅವನಿಗೆ ಗೊತ್ತಿತ್ತು. ನನಗೇ ಗೊತ್ತಿರಲಿಲ್ಲ.

ಈಗ ಗೊಳಸಂಗಿಯ ಮಾತು. ಇದನ್ನು ಬರೆಯಲಿಕ್ಕೇ ಹಿಂದಿನದನ್ನೆಲ್ಲ ಬರೆದೆ.

ಬಾಗೇವಾಡಿಯ ಸಂತೆಯಲ್ಲಿ ಕೂತಿದ್ದಾಗ ಗೊಳಸಂಗಿಯ ಮಲ್ಲನಗೌಡರು ಚಕ್ಕಡಿ ಕಳಿಸಿ ಮನೆಗೆ ಕರೆಸಿಕೊಂಡರು. ಹೊಲ, ಮನೆ, ಮರ್ಯಾದೆ ಎಲ್ಲ ಇದ್ದ ದೊಡ್ಡ ಒಕ್ಕಲು. ಮಾವನ ಹಳೆಯ ಗಿರಾಕಿ. ಅವರ ಒಬ್ಬಳೇ ಮಗಳು ಮದುವೆಯಾಗಿ ಎರಡು ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ಇಪ್ಪತ್ತೆರಡು ವರ್ಷದ ಹೆಣ್ಣುಮಗಳು. ಆಮೇಲೆ ಬಿಜಾಪುರದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಮಾಸ್ತರಿಕೆಯ ತರಬೇತಿ ಮುಗಿಸಿದ್ದಳು. ಈಗ ಹೊರ್ತಿ ಎಂಬ ಊರಿನ ಶಾಲೆಗೆ ನೇಮಕವಾಗಿ ಆದೇಶ ಬಂದಿತ್ತು.

ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂಡ್ರಿಸಿದರು. ಓಣಿಯ ಹಿರಿಯರೂ ಕೆಲವರು ಬಂದು ಕೂತಿದ್ದರು. ಆದೇಶದ ಕಾಗದ ನಾಲ್ಕು ಮಡಿಕೆಯಾಗಿ ಗೌಡರ ಕೈಯಲ್ಲಿತ್ತು.

"ಹದಿನೈದು ದಿನದಾಗ ಹಾಜರಾಗಬೇಕಂತ್ರಿ ಅಯ್ಯಾರ. ಹೊರ್ತಿ ಕೂಡಿಬರ್ತದೋ ಇಲ್ಲೋ ನೋಡ್ರಿ. ನೀವು ಹೆಂಗಂತೀರಿ ಹಂಗ" ಎಂದರು.

"ಮಗಳ ಹೆಸರೇನ್ರಿ?"

"ಭಾಗೀರತಿ."

ಹೊರ್ತಿಯದು ಕರ್ಕ. ಭಾಗೀರತಿಯದು ಧನು. ಗೆಣ್ಣು ಎಣಿಸಿದೆ. ಎಂಟು. ಮತ್ತೊಮ್ಮೆ ಎಣಿಸಿದೆ. ಎಂಟೇ. ಮಾವನಾಗಿದ್ದರೆ ಓಣಿಯ ಮಾತು ಆಡಿ ದಾರಿ ಬಿಡುತ್ತಿದ್ದ. ನನಗೆ ದೊಡ್ಡವರ ಮನೆಯ ಪಡಸಾಲೆಯಲ್ಲಿ ಕೂತು ಖಡಾಖಂಡಿತ ಹೇಳುವ ಹುಮ್ಮಸ್ಸು. "ಗೌಡ್ರ, ಎಂಟನೇದು ಬಂದೈತ್ರಿ. ಆ ಊರು ಆಕಿಗೆ ಕೂಡಿಬರೂದಿಲ್ಲ. ಕಳಸಬ್ಯಾಡ್ರಿ" ಎಂದೆ.

ಗೌಡರು ದೊಡ್ಡದಾಗಿ ಉಸಿರು ಬಿಟ್ಟರು. ಕಾಗದವನ್ನು ಹಾಗೇ ಅಂಗಿಯ ಕಿಸೆಗೆ ಹಾಕಿದರು. ಪಾಪ, ಮಗಳ ದೈವಕ್ಕೆ ಮರುಗುತ್ತಿದ್ದಾರೆ ಎಂದು ತಿಳಿದು, ನಾಲ್ಕು ಸಮಾಧಾನದ ಮಾತು ಹೇಳಿ, ಹೋಳಿಗೆಯ ಊಟ ಮಾಡಿ, ಅದೇ ಚಕ್ಕಡಿಯಲ್ಲಿ ಬಾಗೇವಾಡಿಗೆ ಮರಳಿದೆ. ಇಷ್ಟು ಚೊಕ್ಕವಾಗಿ ಯಾರಿಗೂ ಹೇಳಿರಲಿಲ್ಲ ಎಂದು ದಾರಿಯುದ್ದಕ್ಕೂ ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಒಂದು ವರ್ಷದ ಮೇಲೆ ಬಾಗೇವಾಡಿಯ ಸಂತೆಯಲ್ಲಿ, ಬಟ್ಟೆ ಅಂಗಡಿಯವರು ತೋರಿಸಿದಾಗ, ಗೌಡರ ಮಗಳನ್ನು ಮೊದಲ ಸಲ ಕಂಡೆ. ಅಣ್ಣನ ಹೆಂಡತಿಯ ಹಿಂದೆ ಚೀಲ ಹೊತ್ತು ನಡೆಯುತ್ತಿದ್ದಳು. ಹಿಂದಿನಿಂದ ಮುದುಕಿಯೊಬ್ಬಳು, "ಪಾರವ್ವಾ, ಏ ಪಾರವ್ವಾ, ನಿಂದರ" ಎಂದು ಕೂಗಿದಳು. ಅವಳು ಥಟ್ಟನೆ ತಿರುಗಿದಳು. ಮುದುಕಿ ಕಟ್ಟೆಯ ಹತ್ತಿರ ಬಂದಾಗ ಕೇಳಿದೆ, "ಯಾಕ ಅಮ್ಮಾ, ಆಕಿ ಹೆಸರು ಭಾಗೀರತಿ ಅಲ್ಲೇನು?"

"ಅದು ಲಗ್ನದಾಗ ಗಂಡನ ಮನ್ಯಾಗಿನವರು ಇಟ್ಟ ಹೆಸರ್ರಿ. ಆ ಮನಿ ಋಣ ಹರದ ಮ್ಯಾಲ ಆ ಹೆಸರು ಯಾರು ಕರೀತಾರ? ತೊಟ್ಟಲದಾಗ ಇಟ್ಟಿದ್ದು ಪಾರ್ವತಿ ಅಂತ. ಹುಟ್ಟಿದಾಗಿಂದ ಪಾರವ್ವನ ಆಕಿ."

ಪಾರ್ವತಿಯದು ಕನ್ಯಾ. ಕನ್ಯಾದಿಂದ ಕರ್ಕಕ್ಕೆ ಗೆಣ್ಣು ಎಣಿಸಿದೆ. ಹನ್ನೊಂದು. ಎಲ್ಲಕ್ಕಿಂತ ಶ್ರೇಷ್ಠವಾದದ್ದು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮದುವೆಯಲ್ಲಿ ಹೆಣ್ಣಿಗೆ ಹೊಸ ಹೆಸರು ಇಡುತ್ತಾರೆಂಬುದು ನನಗೆ ಗೊತ್ತಿಲ್ಲದ್ದಲ್ಲ. ಮನೆಯಲ್ಲಿ ಏನಂತ ಕರೀತೀರಿ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಮಾವ ಕಲಿಸಿದ ಮೊದಲನೆಯ ಪಾಠ ಅದೇ ಆಗಿತ್ತು.

ಅಂದು ಪಂಚಾಂಗ ಕಟ್ಟಿ ನೇರ ತಾಳಿಕೋಟೆಗೆ ಹೋದೆ. ಮಾವನಿಗೆ ಎಲ್ಲ ಹೇಳಿದೆ. ನಾನು ಗೊಳಸಂಗಿಗೆ ಹೋಗಿ ತಪ್ಪು ಒಪ್ಪಿಕೊಳ್ಳುತ್ತೇನೆ ಎಂದೆ.

"ಆ ನೌಕರಿ ಈಗ ತಿರುಗಿ ಬರತೈತೇನು?"

"ಇಲ್ಲ. ಮುದ್ದತು ಮುಗದು ಬ್ಯಾರೆಯವರಿಗೆ ಕೊಟ್ಟಿರ್ತಾರ."

"ಹಂಗಾದ್ರ ಹೇಳಿ ಏನು ಮಾಡ್ತಿ? ನೀ ಹಗರ ಆಗಾಕ ಆಕಿ ಮ್ಯಾಲ ಭಾರ ಹಾಕಬ್ಯಾಡ. ತನ್ನ ಹಣೇಬರಾ ಅಂತ ಸುಮ್ಮನದಾಳ. ಅಯ್ಯ ತಪ್ಪಿ ಕೆಡಿಸಿದ ಅಂತ ಗೊತ್ತಾದ್ರ ದಿನಾ ಸಾಯಬೇಕಾಕ್ಕೈತಿ."

ಮಾವನ ಮಾತಿನಲ್ಲಿ ಕರುಣೆ ಇತ್ತು. ನನ್ನ ಸುಮ್ಮನಿರುವಿಕೆಯಲ್ಲಿ ಮಾತ್ರ ಕರುಣೆ ಇರಲಿಲ್ಲ, ಹೆದರಿಕೆ ಇತ್ತು. ಗೌಡರ ಮನೆಯಲ್ಲಿ ಅಯ್ಯ ತಪ್ಪಿದನಂತೆ ಎಂಬ ಸುದ್ದಿ ಹಬ್ಬಿದರೆ ನಾಲ್ಕು ಸಂತೆಯಲ್ಲೂ ನನ್ನ ಕಟ್ಟೆ ಖಾಲಿ. ಮಾವನ ಮಾತನ್ನು ನೆಪ ಮಾಡಿಕೊಂಡು ಬಾಯಿ ಮುಚ್ಚಿಕೊಂಡೆ. ಎಣಿಕೆ ತಪ್ಪಿದ್ದು ಒಂದು ದಿನದ ತಪ್ಪು. ಇದು ವರ್ಷಗಟ್ಟಲೆ ಪ್ರತಿದಿನ ಮಾಡಿದ ತಪ್ಪು.

ಆಮೇಲೆ ನನ್ನ ಕೆಲಸದ ರೀತಿ ಬದಲಾಯಿತು. ಮನೆಯಲ್ಲಿ ಏನಂತ ಕರೆಯುತ್ತಾರೆ ಎಂದು ಮೊದಲು ಕೇಳುತ್ತಿದ್ದೆ. ಆ ಊರಲ್ಲಿ ಗುರುತಿನವರು ಇದ್ದಾರೆಯೇ, ನೀರು ಹೇಗೆ, ಬಾಡಿಗೆಯ ಮನೆ ಸಿಗುತ್ತದೆಯೇ ಎಂದು ಕೇಳಿ, ಆಮೇಲೆ ಗೆಣ್ಣು ಎಣಿಸುತ್ತಿದ್ದೆ. ಹೋಗಬೇಡ ಎಂಬ ಮಾತನ್ನು ಬಾಯಿಂದ ತೆಗೆದೇ ಹಾಕಿದೆ. ಗಿರಾಕಿಗಳು ಹೆಚ್ಚಾದರು. ಅಯ್ಯಾರು ಬಹಳ ವಿಚಾರ ಮಾಡಿ ಹೇಳುತ್ತಾರೆ ಎಂದು ಹೆಸರು ಬಂತು. ಆ ಹೆಸರು ಕೇಳಿದಾಗೆಲ್ಲ ನಾಚಿಕೆಯಾಗುತ್ತಿತ್ತು.

ಪಾರವ್ವನ ಸುದ್ದಿ ಆಗೀಗ ಕಿವಿಗೆ ಬೀಳುತ್ತಿತ್ತು. ಮತ್ತೆ ಅರ್ಜಿ ಹಾಕಲು ಮನೆಯವರು ಬಿಡಲಿಲ್ಲವಂತೆ. ಒಮ್ಮೆ ಬೇಡವೆಂದು ಬಂದಿದೆ, ದೈವದ ಎದುರು ಹೋಗುವುದು ಯಾಕೆ ಎಂದರಂತೆ. ಅಣ್ಣನ ಮಕ್ಕಳಿಗೆ ಅಕ್ಷರ ಕಲಿಸುತ್ತ, ರೊಟ್ಟಿ ಬಡಿಯುತ್ತ, ದನಕ್ಕೆ ನೀರು ಕುಡಿಸುತ್ತ ಇದ್ದಳು.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಮಲ್ಲನಗೌಡರು ತೀರಿಕೊಂಡರು. ಮಾತಾಡಿಸಿ ಬರಲು ಗೊಳಸಂಗಿಗೆ ಹೋದೆ. ಅಣ್ಣ, ಅತ್ತಿಗೆ ಹೊಲದಲ್ಲಿದ್ದರು. ಪಾರವ್ವ ಪಡಸಾಲೆಗೆ ಚಹಾ ತಂದು ಇಟ್ಟು, ಕಂಬದ ಹತ್ತಿರ ಕೂತಳು. ಹಣೆಯ ಹತ್ತಿರ ಒಂದೆರಡು ಕೂದಲು ಬೆಳ್ಳಗಾಗಿದ್ದವು. ಇನ್ನು ತಡೆಯಲಾಗಲಿಲ್ಲ.

"ಯವ್ವಾ, ನಿನ್ನ ಮುಂದ ಒಂದು ತಪ್ಪು ಒಪ್ಪಗೋಬೇಕು. ಹೊರ್ತಿ ನಿನಗ ಕೂಡಿಬರತಿತ್ತು. ನಾ ಹೆಸರು ತಪ್ಪಿ ಎಣಸಿದೆ" ಎಂದೆ.

ಅವಳು ಬೆಚ್ಚಲಿಲ್ಲ. "ಗೊತ್ತೈತ್ರಿ" ಎಂದಳು.

"ಯಾವಾಗ ಗೊತ್ತಾತು?"

"ಅವತ್ತ ಗೊತ್ತಿತ್ರಿ. ನಾ ಈ ಬಾಗಲದ ಹಿಂದ ನಿಂತಿದ್ನಿ." ಒಳಬಾಗಿಲು ತೋರಿಸಿದಳು. "ನೀವು ತಪ್ಪಿದ್ದಲ್ಲರಿ ಅಯ್ಯಾರ. ಅಪ್ಪಗ ಈ ಎಣಿಕಿ ನಿಮ್ಮಷ್ಟ ಬರತಿತ್ತು. ನಿಮ್ಮ ಮಾವನವರ ಮುಂದ ಕುಂತು ಕುಂತು ಕಲತಿದ್ದ. ಹಿಂದಿನ ದಿನ ಎರಡೂ ಹೆಸರು ಹಿಡದು ಗೆಣ್ಣು ಎಣಸಿ ನೋಡಿದ್ದ. ನಾ ಕಣ್ಣಾರೆ ನೋಡೇನಿ. ಹನ್ನೊಂದು ಬಂದ ಹೆಸರು ಬಿಟ್ಟು ಎಂಟು ಬಂದ ಹೆಸರು ನಿಮಗ ಹೇಳಿದ."

ಅಂದು ಗೌಡರು ಬಿಟ್ಟ ಉಸಿರು ನೆಮ್ಮದಿಯದಾಗಿತ್ತು.

"ಯಾಕವ್ವಾ?" ಎಂದೆ.

"ಗಂಡಿಲ್ಲದ ಮಗಳು ಪರ ಊರಾಗ ಒಬ್ಬಾಕಿನ ಇರೂದಂದ್ರ ಮಂದಿ ಬಾಯಿಗೆ ಹೆದರಿದ. ಆದ್ರ ನನಗ ಬ್ಯಾಡ ಅನ್ನಾಕ ಅವನಿಗೆ ಆಗಲಿಲ್ಲರಿ. ನನ್ನ ಮ್ಯಾಲ ಬಾಳ ಜೀಂವ ಇತ್ತು. ಅದಕ್ಕ ನಿಮ್ಮ ಬಾಯಿಲೆ ಅನ್ನಿಸಿದ. ತಾ ಅಂದಿದ್ರ ನಾ ಹಟಾ ಮಾಡತಿದ್ನಿ, ಅಳತಿದ್ನಿ. ಶಾಸ್ತ್ರದ ಮುಂದ ಏನು ಹಟಾ ಮಾಡೂದು?"

"ನೀನರೆ ಹೊರಗ ಬಂದು ಒಂದು ಮಾತು ಅನಬೇಕಿತ್ತಲ್ಲವ್ವಾ."

ಆಗ ಅವಳು ಮೊದಲ ಸಲ ನನ್ನ ಮುಖ ನೋಡಿದಳು. "ಹತ್ತು ಮಂದಿ ಮುಂದ ಅಪ್ಪನ್ನ ಸುಳ್ಳ ಮಾಡಲೇನ್ರಿ? ನೀವು ಕೇಳಬಹುದಿತ್ತು. ಹೋಗಾಕಿ ನಾನು. ಅಪ್ಪನ ಕೈಯಾಗಿನ ಕಾಗದದ ಮ್ಯಾಲ ಪಾರ್ವತಿ ಅಂತ ಬರದಿತ್ತು. ಬಿಚ್ಚಿ ತೋರಸ್ರಿ ಅನ್ನಲಿಲ್ಲ ನೀವು. ಆಕಿನ್ನ ಕರೀರಿ ಅನ್ನಲಿಲ್ಲ. ಊಟಾ ಮಾಡಿ ಹೋದ್ರಿ."

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅಂದು ನಾನು ಉಂಡ ಹೋಳಿಗೆಯನ್ನು ಮಾಡಿದವಳೂ ಅವಳೇ ಇದ್ದಿರಬೇಕು ಎಂದು ಹೊಳೆದು ತಲೆ ತಗ್ಗಿಸಿದೆ. ನನ್ನ ಮುಂದೆ ಕಟ್ಟೆಗೆ ಬಂದು ಕೂತ ಅಪ್ಪಂದಿರು, ಗಂಡಂದಿರು, ಅಣ್ಣಂದಿರು ಎಷ್ಟು ಮಂದಿ, ಅವರು ಹೇಳಿದ ಹೆಸರುಗಳು ಎಷ್ಟು! ಬಾಗಿಲ ಹಿಂದೆ ನಿಂತವರನ್ನು ನಾನು ಒಮ್ಮೆಯೂ ಎಣಿಸಿರಲಿಲ್ಲ. ಮಕ್ಕಳೇ, ಈ ಕೆಲಸಕ್ಕೆ ಇಳಿಯುವವರು ಇದೊಂದನ್ನು ನೆನಪಿಡಿರಿ. ಕೇಳಲು ಬಂದವರಿಗೆ ಬಹಳ ಸಲ ಉತ್ತರ ಮೊದಲೇ ಗೊತ್ತಿರುತ್ತದೆ. ಅವರಿಗೆ ಬೇಕಾದದ್ದು ನಿಮ್ಮ ಬಾಯಿ. ಊರು ಬಿಡುವವರು ಯಾರೋ ಅವರನ್ನು ಎದುರಿಗೆ ಕೂಡ್ರಿಸಿಕೊಳ್ಳದೆ ಬಾಯಿ ತೆರೆಯಬೇಡಿ.

ಆ ದಿನ ನನಗೆ ಬೇರೆ ಏನೂ ತೋಚಲಿಲ್ಲ. ಪಂಚಾಂಗದ ಗಂಟನ್ನು ಬದಿಗೆ ಸರಿಸಿ ಕೇಳಿದೆ, "ಈಗರೆ ಕೇಳ್ತೇನವ್ವಾ. ನಿನಗ ಎಲ್ಲಿ ಇರಬೇಕಂತ ಮನಸೈತಿ?"

ಪಾರವ್ವ ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಯಾರೂ ಕೇಳಿದ್ದಿಲ್ಲ ನೋಡ್ರಿ, ಲಗೂ ಹೊಳೀವಲ್ದು" ಎಂದಳು. ನಾನು ಕಾದು ಕೂತೆ. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು.

"ಹೊರ್ತಿ ನಾ ಇನ್ನೂ ನೋಡಿಲ್ಲರಿ. ಒಮ್ಮಿ ನೋಡಿ ಬರಬೇಕನಸ್ತೈತಿ. ಇರಾಕಲ್ಲ. ಸಾಲಿ ಯಾ ಕಡೆ ಐತಿ ಅಂತ, ಅಷ್ಟ." ಮತ್ತೆ ಒಂದು ಗಳಿಗೆ ಬಿಟ್ಟು, "ಅಲ್ಲಿಗೆ ಬಸ್ಸು ಎಷ್ಟಕ್ಕ ಐತ್ರಿ?" ಎಂದಳು.

ಇಷ್ಟು ವರ್ಷ ಜನರಿಗೆ ಯಾವ ಗಳಿಗೆಯಲ್ಲಿ ಹೊರಡಬೇಕೆಂದು ಹೇಳಿದವನಿಗೆ ಅದು ಗೊತ್ತಿರಲಿಲ್ಲ. ಚಹಾದ ಕಪ್ಪು ಕೆಳಗಿಟ್ಟು, ಕೇಳಿಕೊಂಡು ಬರಲು ಬಸ್ ನಿಲ್ಲುವ ಕಡೆಗೆ ನಡೆದೆ.